ಮಡಿಲಕ್ಕಿಯ ಒಂದು ಹಿಡಿ

ಅಕ್ಕಿ ಅಳೆದು ಪಾತ್ರೆಗೆ ಹಾಕಿದ ಮೇಲೆ ಅದರಲ್ಲಿ ಒಂದು ಹಿಡಿ ತೆಗೆದು ಮತ್ತೆ ಡ್ರಮ್ಮಿಗೆ ಹಾಕುವ ಅಭ್ಯಾಸ ನನಗಿದೆ. ಒಂದು ದಿನವೂ ತಪ್ಪಿಸುವುದಿಲ್ಲ. ಜ್ವರ ಬಂದು ಮಲಗಿದ್ದಾಗ ಕೂಡ ಎದ್ದು ಬಂದು ಆ ಒಂದು ಹಿಡಿ ಹಾಕಿ, ಮತ್ತೆ ಹೋಗಿ ಕಂಬಳಿ ಹೊದ್ದುಕೊಂಡಿದ್ದೇನೆ. ನಮ್ಮನೆಯವರು ಕಾಫಿ ಲೋಟ ಹಿಡಿದು ಅಡುಗೆಮನೆಯ ಬಾಗಿಲಿಗೆ ಒರಗಿ ಇದನ್ನು ನೋಡಿದಾಗಲೆಲ್ಲ ಒಂದೇ ಮಾತು ಹೇಳುತ್ತಾರೆ.

"ಅಲ್ಲ ಕಣೇ, ತೆಗಿಯೋದ್ಯಾಕೆ, ವಾಪಸ್ ಹಾಕೋದ್ಯಾಕೆ? ಮೊದ್ಲೇ ಒಂದ್ ಹಿಡಿ ಕಮ್ಮಿ ತೆಗಿ. ಅರ್ಧ ಕೆಲ್ಸ ಉಳೀತೈತೆ."

"ನಮ್ಮಮ್ಮ ಹೇಳಿಕೊಟ್ಟಿದ್ದು, ಸುಮ್ನಿರಿ" ಅನ್ನುತ್ತೇನೆ.

ಅದು ಶುದ್ಧ ಸುಳ್ಳು. ನಮ್ಮಮ್ಮ ಹಾಗೆಲ್ಲ ಏನೂ ಹೇಳಿಕೊಟ್ಟಿರಲಿಲ್ಲ. ನಿಮಗೆ ನಿಜ ಹೇಳುತ್ತೇನೆ. ಅವರಿಗೆ ಮಾತ್ರ ಹೇಳಬೇಡಿ. ಹೇಗಿದ್ದರೂ ಅವರು ಪೇಪರಿನಲ್ಲಿ ಮಳೆ ಸುದ್ದಿ, ಕಾಫಿ ಸುದ್ದಿ ಬಿಟ್ಟು ಮೂರನೆಯದನ್ನು ಓದುವವರಲ್ಲ. ಆ ಧೈರ್ಯದ ಮೇಲೆಯೇ ಬರೆಯುತ್ತಿದ್ದೇನೆ.

ಮೊದಲು ನನ್ನ ಮದುವೆಯ ಕತೆ ಹೇಳಬೇಕು. ನನ್ನ ತವರು ಆಲೂರು ತಾಲ್ಲೂಕಿನ ಪಾಳ್ಯದ ಪಕ್ಕ. ಗದ್ದೆ, ರಾಗಿ ಹೊಲ, ಎರಡು ಜೊತೆ ಎತ್ತು. ಕೊಟ್ಟಿದ್ದು ಇಲ್ಲಿ ಹಾನುಬಾಳು ಕಡೆ, ಆರು ಎಕರೆ ಕಾಫಿ ಇದ್ದ ಮನೆಗೆ. ಎರಡು ಬಸ್ಸು ಬದಲಿಸಿದರೂ ಮಧ್ಯಾಹ್ನದ ಊಟದೊಳಗೆ ತಲುಪುವ ದೂರ. ಆದರೂ ನಾನು ಆವತ್ತು ಅತ್ತ ಅಳು ನೋಡಿದವರು ಹುಡುಗಿಯನ್ನು ಕಾಶಿಯಾಚೆ ಎಲ್ಲೋ ಕೊಟ್ಟಿದ್ದಾರೆ ಅಂದುಕೊಂಡಿರಬೇಕು. ತವರಿನಿಂದ ಹೊರಡುವ ಹೆಣ್ಣುಮಗಳಿಗೆ ಮಡಿಲಕ್ಕಿ ಹಾಕುತ್ತಾರಲ್ಲ, ಮಣೆಯ ಮೇಲೆ ಕೂರಿಸಿ, ಸೆರಗು ಒಡ್ಡಿಸಿ, ಅಕ್ಕಿ, ಕಾಯಿ, ಬೆಲ್ಲ, ಎಲೆ ಅಡಿಕೆ ತುಂಬುತ್ತಾರೆ. ನಮ್ಮ ಕಡೆ ಕೊನೆಗೆ ಇನ್ನೊಂದು ಶಾಸ್ತ್ರವುಂಟು. ಮಡಿಲು ತುಂಬಿಸಿಕೊಂಡವಳು ಎದ್ದು ನಿಂತು, ಅದರಿಂದ ಒಂದು ಹಿಡಿ ಅಕ್ಕಿ ತೆಗೆದು ತಾಯಿ ಹಿಡಿದ ಮೊರಕ್ಕೆ ತಿರುಗಿ ಹಾಕಬೇಕು. ತವರಿನ ಅಕ್ಕಿಯನ್ನು ಪೂರಾ ಹೊತ್ತುಕೊಂಡು ಹೋಗಬಾರದು, ಹಿಡಿ ಹಾಕಿ ಹೋದವಳು ತಿರುಗಿ ಬರುತ್ತಾಳೆ ಅಂತ ನಂಬಿಕೆ. ನಾನೋ ಅಳುವ ಭರದಲ್ಲಿ ಒಂದು ಹಿಡಿಗೆ ನಿಲ್ಲಿಸಲೇ ಇಲ್ಲ. ಹಾಕಿದೆ, ಹಾಕಿದೆ, ಹಾಕುತ್ತಲೇ ಹೋದೆ. ನಮ್ಮಮ್ಮ ಕಣ್ಣೊರೆಸಿಕೊಳ್ಳುತ್ತಲೇ ನನ್ನ ಕಿವಿಯಲ್ಲಿ, "ಸಾಕು ಬುಡೇ ಮಾರಾಯ್ತಿ! ಅಷ್ಟೂ ಇಲ್ಲೇ ಸುರುದ್ರೆ ನಿಮ್ಮತ್ತೆ ಬರೀ ಮಡ್ಲಲ್ಲಿ ಕಳ್ಸವ್ರೆ ಅಂತಾಳೆ" ಅಂದರು.

ಅದರ ಫಲವೋ ಏನೋ, ಮದುವೆಯಾದ ಮೊದಲ ವರ್ಷ ಹದಿನೈದು ದಿನಕ್ಕೊಮ್ಮೆ ತವರಿನಲ್ಲಿರುತ್ತಿದ್ದೆ. ನಮ್ಮನೆಯವರು ಈಗಲೂ ಆಡಿಕೊಳ್ಳುತ್ತಾರೆ.

ನಮಗೆ ಒಬ್ಬಳೇ ಮಗಳು, ರೂಪಾ. ಸಕಲೇಶಪುರದ ಒಂದು ಹೈಸ್ಕೂಲಿನಲ್ಲಿ ಲೆಕ್ಕದ ಟೀಚರು. ದಿನಾ ಬೆಳಿಗ್ಗೆ ಡಬ್ಬಿ ಕಟ್ಟಿಕೊಂಡು ಬಸ್ಸಿಗೆ ಓಡುವುದು, ಸಂಜೆ ಒಂದು ಹೊರೆ ನೋಟ್ ಬುಕ್ಕು ಹೊತ್ತು ಬರುವುದು. ಎರಡು ಸಾವಿರದ ಇಸವಿ ದಾಟಿದ ಮೇಲಿನ ಮಾತು. ಜನವರಿಯ ಒಂದು ಭಾನುವಾರ, ಅಂಗಳದ ಕಣದಲ್ಲಿ ಕಾಫಿ ಹಣ್ಣು ಹರಡಿತ್ತು. ಅಪ್ಪ ಮಗಳು ಇಬ್ಬರೂ ಕಾಲಿನಲ್ಲಿ ಸಾಲು ಎಳೆಯುತ್ತ ಅದನ್ನು ತಿರುವುತ್ತಿದ್ದರು. ನಾನು ಜಗಲಿಯಲ್ಲಿ ಕೂತು ಅವರೆಕಾಳು ಬಿಡಿಸುತ್ತಿದ್ದೆ. ರೂಪಾ ತಲೆ ಎತ್ತದೆ ಅಂದಳು, "ಅಪ್ಪ, ನಾನು ಟಾಂಜಾನಿಯಾಕ್ಕೆ ಹೋಗ್ತೀನಿ. ಆಫ್ರಿಕಾದಲ್ಲಿ. ಎರಡು ವರ್ಷ ಅಲ್ಲಿ ಸ್ಕೂಲಲ್ಲಿ ಪಾಠ ಮಾಡೋಕೆ. ಸೇವೆ ಅಂತ. ಊಟ, ಮನೆ ಅವ್ರೇ ಕೊಡ್ತಾರೆ."

ನಮ್ಮನೆಯವರು ಆಕಾಶ ನೋಡುತ್ತಿದ್ದರು. "ಮೊದ್ಲು ಆ ಟಾರ್ಪಾಲ್ ಎಳಿ. ಪಡುವಲಲ್ಲಿ ಮೋಡ ಐತೆ."

ಅಷ್ಟೇ ಅವರು ಹೇಳಿದ್ದು! ನನ್ನ ಕೈಯ ಅವರೆಕಾಯಿ ಕೈಯಲ್ಲೇ ಉಳಿಯಿತು. ಆಮೇಲೆ ನಾನು ಎತ್ತಿದ ದನಿ ಪಕ್ಕದ ತೋಟದವರಿಗೂ ಕೇಳಿಸಿತಂತೆ. ಇಲ್ಲಿ ಸ್ಕೂಲಿಲ್ಲವಾ, ಇಲ್ಲಿ ಮಕ್ಕಳಿಲ್ಲವಾ, ಇಪ್ಪತ್ತಾರು ತುಂಬಿದ ಹುಡುಗಿ ಮದುವೆ ಅಂದರೆ ಮೈಲಿ ದೂರ ಓಡುತ್ತಾಳೆ, ಆಫ್ರಿಕಾ ಅಂದರೆ ಮಾತ್ರ ಕಾಲು ಮುಂದೆ ಹಾಕುತ್ತಾಳೆ, ಹೀಗೆ ಇನ್ನೂ ಏನೇನೋ ಕೂಗಾಡಿದೆ. ಅವಳು ಟಾರ್ಪಾಲ್ ಎಳೆದು, ನಾಲ್ಕು ಮೂಲೆಗೂ ಕಲ್ಲಿಟ್ಟು, ಒಳಗೆ ಹೋದಳು. ಮಳೆಯೂ ಬರಲಿಲ್ಲ.

ಮೂರು ದಿನ ನಾನು ಅವಳ ಜೊತೆ ಮಾತು ಬಿಟ್ಟೆ. ಮಾತು ಬಿಟ್ಟೆ ಅಂದರೆ ನೇರವಾಗಿ ಬಿಟ್ಟೆ, ನಮ್ಮತ್ತೆಯ ಮೂಲಕ ಆಡುತ್ತಿದ್ದೆ. ಅತ್ತೆಗೆ ಆಗಲೇ ಎಪ್ಪತ್ತೆಂಟು. ಮಾವ ಹೋಗಿ ಇಪ್ಪತ್ತು ವರ್ಷವಾಗಿತ್ತು. ಕಣ್ಣಿಗೆ ಪೊರೆ ಬಂದಿತ್ತು, ಬಾಯಿಗೆ ಏನೂ ಬಂದಿರಲಿಲ್ಲ. ಊಟಕ್ಕೆ ಕೂತಾಗ ರೂಪಾ ನನ್ನ ಎದುರಿಗೇ ಇರುತ್ತಿದ್ದಳು. ನಾನು ಮಾತ್ರ, "ಅತ್ತೆ, ಸಾರು ಬೇಕಾ ಅಂತ ಕೇಳಿ ನಿಮ್ಮ ಮೊಮ್ಮಗಳನ್ನ" ಅನ್ನುತ್ತಿದ್ದೆ. ಅತ್ತೆ ಮೂರನೆಯ ದಿನ ರೇಗಿದರು. "ನಾನೇನ್ ನಿಮ್ಮನೆ ಟೆಲಿಫೋನಾ? ಬೇಕಾದ್ರೆ ನೀನೇ ಕೇಳು!"

ನಮ್ಮನೆಯವರ ಕತೆಯೇ ಬೇರೆ. ಅವರು ರೂಪಾಳ ಹಳೆಯ ಅಟ್ಲಾಸು ತೆಗೆದು, ಭೂತಗನ್ನಡಿ ಹಿಡಿದು, ಎರಡು ಸಂಜೆ ಅದರ ಮುಂದೆ ಕೂತರು. ಪಾಪ, ಮಗಳು ಹೋಗುವ ದೂರ ನೋಡಿ ಸಂಕಟಪಡುತ್ತಿದ್ದಾರೆ ಅಂತ ಅಂದುಕೊಂಡೆ. ಎರಡನೆಯ ಸಂಜೆ ಕನ್ನಡಿ ಕೆಳಗಿಟ್ಟು ಕೇಳಿದರು, "ಅಲ್ಲ ರೂಪಾ, ಅಲ್ಲೂ ಕಾಫಿ ಬೆಳೀತಾರಂತಲ್ಲ. ಅರಾಬಿಕಾನಾ, ರೋಬಸ್ಟಾನಾ?"

ಅಜ್ಜಿಗೆ ಅರಿವೆ ಚಿಂತೆಯಾದರೆ ಇವರಿಗೆ ಅರಾಬಿಕಾ ಚಿಂತೆ! ಬೆಟ್ಟದ ಮೇಲೆ ಅರಾಬಿಕಾ ಅಂತಲೂ, ಅವಳು ಹೋಗುವ ಸ್ಕೂಲಿನ ಸುತ್ತ ಅದೇ ಇರುವುದಂತಲೂ ಅವಳು ಹೇಳಿದಳು. ಅವರ ಮುಖ ಅರಳಿತು. "ಹಂಗಾದ್ರೆ ಅಷ್ಟೇನ್ ಪರದೇಶ ಅಲ್ಲ ಬುಡು" ಅಂದರು. ಅಲ್ಲಿಗೆ ಅವರ ಒಪ್ಪಿಗೆ ಸಿಕ್ಕಿತು. ಇನ್ನು ಉಳಿದವಳು ನಾನು.

ನನ್ನನ್ನು ಒಪ್ಪಿಸಲು ಅವಳು ವಾದ ಮಾಡಲಿಲ್ಲ. ಒಂದು ಕಾಗದ ತಂದು ನನ್ನ ಮುಂದೆ ಇಟ್ಟಳು. ಆ ಸ್ಕೂಲಿನವರು ಕಳಿಸಿದ ಟೈಮ್ ಟೇಬಲ್ಲು. ಪ್ರತಿ ವಿಷಯದ ಮುಂದೆ ಟೀಚರ ಹೆಸರು ಬರೆದಿತ್ತು. ಗಣಿತದ ಮುಂದೆ ಬರೀ ಒಂದು ಗೆರೆ ಎಳೆದಿತ್ತು. ಸೋಮವಾರದಿಂದ ಶುಕ್ರವಾರದ ತನಕ ಗೆರೆ.

"ಎಷ್ಟು ದಿನದಿಂದ ಇಲ್ವಂತೆ?" ಅಂದೆ. ಮೂರು ದಿನದ ಮೇಲೆ ಅದೇ ಮೊದಲ ಮಾತು.

"ಎರಡು ವರ್ಷ ಆಯ್ತಂತಮ್ಮ."

ಆ ಗೆರೆ ನನಗೆ ಹೊಸದಲ್ಲ. ಪಾಳ್ಯದಲ್ಲಿ ನಾನು ಹತ್ತನೇ ಕ್ಲಾಸಿಗೆ ಬಂದ ವರ್ಷ ಲೆಕ್ಕದ ಮೇಷ್ಟ್ರಿಗೆ ವರ್ಗವಾಯಿತು. ಅವರ ಜಾಗಕ್ಕೆ ಬೇರೆಯವರು ಇವತ್ತು ಬರುತ್ತಾರೆ, ನಾಳೆ ಬರುತ್ತಾರೆ ಅಂತ ಕಾದೆವು. ಲೆಕ್ಕದ ಪೀರಿಯಡ್ಡಿನಲ್ಲಿ ಹುಡುಗರು ಸ್ಕೂಲಿನ ಗಿಡಕ್ಕೆ ನೀರು ಹಾಕುತ್ತಿದ್ದರು, ಹುಡುಗಿಯರು ಅಂಗಳ ಗುಡಿಸುತ್ತಿದ್ದೆವು. ಗಿಡಗಳು ಚೆನ್ನಾಗಿ ಬಂದವು. ನನಗೆ ಲೆಕ್ಕದಲ್ಲಿ ಹತ್ತೊಂಬತ್ತು ಬಂತು. ಮಿಕ್ಕ ಎಲ್ಲದರಲ್ಲೂ ಪಾಸಾಗಿದ್ದವಳು ಅದೊಂದರಲ್ಲಿ ಫೇಲಾಗಿ ಮನೆಯಲ್ಲಿ ಕೂತೆ, ಮರುವರ್ಷ ಮದುವೆ. ಇದನ್ನು ನಾನು ಯಾವತ್ತೂ ದುಃಖ ಅಂತ ಹೇಳಿಕೊಂಡವಳಲ್ಲ. ಆದರೆ ಕೈಯಲ್ಲಿ ಆ ಕಾಗದ ಹಿಡಿದಾಗ, ಎಲ್ಲೋ ಕಾಣದ ದೇಶದಲ್ಲಿ ಒಂದು ಹುಡುಗಿ ಲೆಕ್ಕದ ಪೀರಿಯಡ್ಡಿನಲ್ಲಿ ಪೊರಕೆ ಹಿಡಿದು ನಿಂತಿದ್ದು ಕಣ್ಣಿಗೆ ಕಟ್ಟಿತು. "ಹೋಗು" ಅಂದೆ. ಅಂದುಬಿಟ್ಟು ಕೊಟ್ಟಿಗೆಗೆ ಹೋಗಿ ಒಂದು ಗಳಿಗೆ ಅತ್ತೆ. ಹಸು ನನ್ನನ್ನೇ ನೋಡುತ್ತಿತ್ತು.

ಕಾಗದ ಪತ್ರಗಳಿಗೆ ಹತ್ತಿರ ಹತ್ತಿರ ಒಂದು ವರ್ಷ ಹಿಡಿಯಿತು. ಅಷ್ಟರೊಳಗೆ ಊರಿಗೆಲ್ಲ ಗೊತ್ತಾಯಿತು. "ಮಗಳನ್ನ ಎಲ್ಲಿಗ್ ಕೊಟ್ರಿ?" ಅಂತ ಕೇಳುವವರು ಕೆಲವರು. "ಕೊಟ್ಟಿಲ್ಲ, ಅವ್ಳೇ ಹೋಗ್ತಾವ್ಳೆ" ಅಂತ ಉತ್ತರ ಕೊಡುವವರು ನಮ್ಮತ್ತೆ. ಬೆಂಗಳೂರಿನಲ್ಲಿರುವ ನನ್ನ ತಮ್ಮ ರಮೇಶನಂತೂ ಫೋನಿನಲ್ಲೇ ನಡುಗಿದ. "ಅಕ್ಕಾ, ಅಲ್ಲಿ ಆನೆ ಐತೆ ಕಣಕ್ಕಾ! ಸಿಂಹ ಐತೆ!" ಅವನು ಹೀಗೆ ಹೇಳುವ ಹೊತ್ತಿಗೆ ಆಲೂರು ಕಡೆಯಿಂದ ಬಂದ ಆನೆಗಳು ನಮ್ಮ ಬಾಳೆಯೆಲ್ಲ ತಿಂದು, ನೀರಿನ ಪೈಪು ತುಳಿದು ಹೋಗಿ ಒಂದು ವಾರವಾಗಿರಲಿಲ್ಲ. ರೂಪಾ ಫೋನು ಇಸಕೊಂಡು, "ಮಾವ, ಮೊನ್ನೆ ನಮ್ಮ ಸ್ಕೂಲ್ ಬಸ್ಸನ್ನೇ ಆನೆ ಮುಕ್ಕಾಲು ಗಂಟೆ ನಿಲ್ಲಿಸಿತ್ತು. ಆನೆಗೆ ಹೆದರಿಕೊಂಡ್ರೆ ನಾನು ಮೊದ್ಲು ಈ ಊರು ಬಿಡಬೇಕು" ಅಂದಳು. ಮುಂದೆ ಅವಳೇ ಬರೆದ ಹಾಗೆ, ಅಲ್ಲಿದ್ದಷ್ಟು ದಿನ ಒಂದೇ ಒಂದು ಆನೆ ನೋಡಲಿಲ್ಲ. ಅಲ್ಲಿನ ಬೆಟ್ಟದ ಮಕ್ಕಳೂ ನೋಡಿರಲಿಲ್ಲವಂತೆ. ಹಾನುಬಾಳಿನ ಆನೆ ಕತೆ ಹೇಳಿ ಹೇಳಿ ಅವಳಿಗೆ ಸಾಕಾಯಿತಂತೆ.

ಡಿಸೆಂಬರಿನಲ್ಲಿ ಹೊರಡುವುದು ಅಂತಾಯಿತು. ಕಾಫಿ ಕೊಯ್ಲಿನ ನಡುಮಧ್ಯ. ಇಪ್ಪತ್ತು ಕೆಜಿ ಮೀರಬಾರದು ಅಂತ ವಿಮಾನದವರ ನಿಯಮವಂತೆ. ಅದಕ್ಕೇನು, ಅಂಗಳದಲ್ಲಿ ಆಳುಗಳು ಕೊಯ್ದ ಹಣ್ಣು ತೂಗುವ ತಕ್ಕಡಿ ಹೇಗೂ ತೂಗುಹಾಕಿತ್ತು. ನಮ್ಮನೆಯವರು ಸೂಟ್ ಕೇಸನ್ನು ಅದರ ಕೊಕ್ಕೆಗೆ ಸಿಕ್ಕಿಸಿ, ಹುಬ್ಬು ಗಂಟಿಕ್ಕಿ ಮುಳ್ಳು ನೋಡಿದರು. ಬಟ್ಟೆ ಪುಸ್ತಕದ ಜೊತೆ ರಾಗಿಹಿಟ್ಟು, ಕಳಲೆ ಉಪ್ಪಿನಕಾಯಿ, ಅವರು ತಮ್ಮ ಕೈಯಾರೆ ಹುರಿದು ಪುಡಿ ಮಾಡಿಸಿದ ಎರಡು ಕೆಜಿ ಕಾಫಿಪುಡಿ ಅದರೊಳಗಿದ್ದವು. ಕಾಫಿ ಬೆಳೆಯುವ ಊರಿಗೆ ಕಾಫಿ ಯಾಕೆ ಅಂದರೆ, "ಬೆಳ್ಯೋರಿಗೆಲ್ಲ ಕುಡಿಯಾಕ್ ಬತ್ತದಾ?" ಅಂತ ನನಗೇ ಪಾಠ ಹೇಳಿದರು.

"ಹತ್ತೊಂಬತ್ತೂವರೆ. ಸರಿಯಾಗೈತೆ" ಅಂತ ಕೊನೆಗೆ ತೀರ್ಪು ಕೊಟ್ಟರು. ನಲವತ್ತು ವರ್ಷ ಕಾಫಿ ತೂಗಿದ ಕೈ. ನಾವು ಯಾರೂ ಎರಡನೆಯ ಸಲ ನೋಡಲಿಲ್ಲ.

ಇಷ್ಟೆಲ್ಲ ಆದ ಮೇಲೆ, ಹೊರಡುವ ಹಿಂದಿನ ಸಂಜೆ ಅತ್ತೆ ಕೇಳಿದರು, "ಸರೋಜಾ, ಮಡ್ಲಕ್ಕಿಗೆ ಎಲ್ಲಾ ರೆಡಿ ಮಾಡ್ಕಂಡೇನೇ?"

"ಮಡಿಲಕ್ಕಿ ಯಾಕತ್ತೆ? ಅದು ಮದುವೆಯಾಗಿ ಗಂಡನ ಮನೆಗೆ ಹೋಗೋರಿಗೆ."

"ಯಾವಳು ಹೇಳಿದ್ದು ಹಂಗಂತ? ಹೆಣ್ಮಗ ಹೊಸ್ಲು ದಾಟಿ ಬ್ಯಾರೆ ಊರಲ್ಲಿ ಒಲೆ ಹಚ್ಚಾಕ್ ಹೋಗ್ತಾವ್ಳೆ. ಬರೀ ಮಡ್ಲಲ್ಲಿ ಕಳಿಸ್ತೀಯಾ? ಗಂಡ ಇದ್ರೆ ಮಾತ್ರ ಹೊಟ್ಟೆ ಹಸಿಯೋದಾ?"

ಆದರೂ ಮನಸ್ಸು ಹಿಂಜರಿಯುತ್ತಿತ್ತು. ಶಾಸ್ತ್ರದ ಪ್ರಶ್ನೆ ಬರೀ ನೆಪ. ಮಡಿಲಕ್ಕಿ ಹಾಕಿದರೆ ಅವಳನ್ನು ನಿಜವಾಗಿಯೂ ಕೊಟ್ಟುಬಿಟ್ಟ ಹಾಗಾಗುತ್ತದೆ, ಕೊಟ್ಟ ಹೆಣ್ಣು ಹೋದ ಮನೆಯವಳಾಗಿಬಿಡುತ್ತಾಳೆ ಅನ್ನುವ ಹೆದರಿಕೆ ನನ್ನದು. ಅವಳು ಹೋಗಲಿ, ಆದರೆ ತಿರುಗಿ ಬರಲಿ. ನನಗೆ ಬೇಕಾದದ್ದು ಅಷ್ಟೇ. ಕೊನೆಗೆ ಹಿಡಿ ಅಕ್ಕಿ ತಿರುಗಿ ಹಾಕಿಸಿಕೊಳ್ಳುತ್ತೇನಲ್ಲ, ಆಯಿತು ಅಂತ ಸಮಾಧಾನ ಮಾಡಿಕೊಂಡು ಅಕ್ಕಿ ಅಳೆದಿಟ್ಟೆ.

ಮಾರನೆಯ ಬೆಳಿಗ್ಗೆ ರೂಪಾಳನ್ನು ಮಣೆಯ ಮೇಲೆ ಕೂರಿಸಿದ ಮೇಲೆ ತಿಳಿಯಿತು, ಅವಳು ತೊಟ್ಟಿರುವುದು ಚೂಡಿದಾರ, ಸೆರಗೇ ಇಲ್ಲ! ವೇಲನ್ನೇ ತೊಡೆಯ ಮೇಲೆ ಹರಡಿದ್ದಾಯಿತು. ಆ ಜಾರುವ ಬಟ್ಟೆಯಲ್ಲಿ ಕಾಯಿ ಉರುಳಿ ಉರುಳಿ ಹೋಗುತ್ತಿತ್ತು. ಇನ್ನು ಅಕ್ಕಿ ಹಾಕಬೇಕು ಅನ್ನುವಾಗ ಹುಡುಗಿ ಹಟ ಹಿಡಿದಳು. "ಮೊದಲು ಅಜ್ಜಿ ಹಾಕ್ಲಿ."

ಗೋಡೆ ಪಕ್ಕ ದೂರದಲ್ಲಿ ಕೂತಿದ್ದ ಅತ್ತೆ ಬೆಚ್ಚಿಬಿದ್ದರು. "ಅಯ್ಯೋ, ನಾನ್ ಮುಟ್ಟಂಗಿಲ್ಲ ಕಣವ್ವ. ಮುತ್ತೈದೇರು ಹಾಕ್ಲಿ."

"ಗಂಡ ಇಲ್ದೋಳಿಗೆ ಮಡಿಲಕ್ಕಿ ಹಾಕ್ಬೋದು ಅಂತ ನಿನ್ನೆ ನೀನೇ ಹೇಳಿದ್ಯಲ್ಲಜ್ಜಿ. ಗಂಡ ಇಲ್ದೋಳು ಹಾಕಲೂಬಹುದು. ನೀನು ಹಾಕದೆ ನಾನು ಏಳಲ್ಲ."

ಹೊರಗೆ ಬಾಡಿಗೆಗೆ ಹೇಳಿದ್ದ ಮಂಜಣ್ಣನ ಜೀಪು ಹಾರ್ನ್ ಹೊಡೆಯುತ್ತಿತ್ತು. ಸಕಲೇಶಪುರದಲ್ಲಿ ಬೆಂಗಳೂರು ಬಸ್ಸು ಹಿಡಿಯಬೇಕು. ಅತ್ತೆ ಇಲ್ಲ ಅನ್ನುವುದು, ಇವಳು ಏಳಲ್ಲ ಅನ್ನುವುದು. ಜಪ್ಪಯ್ಯ ಅಂದರೂ ಜಗ್ಗಲಿಲ್ಲ. ಕೊನೆಗೆ ಅತ್ತೆ ಬೊಗಸೆ ತುಂಬಿ ಹಾಕಿದರು. ಇಪ್ಪತ್ತು ವರ್ಷದ ಮೇಲೆ ಒಂದು ಶುಭಕ್ಕೆ ಕೈ ಹಾಕಿದ್ದರು. ಅವರೂ ಅತ್ತರು, ರೂಪಾಳೂ ಅತ್ತಳು, ನಾನು ಮಾತ್ರ ಅಳಲಿಲ್ಲ. ಹಾರ್ನ್ ಇನ್ನೊಮ್ಮೆ ಕೂಗಿತು. "ಬಸ್ ಹೋಗ್ಬುಡ್ತದೆ ಕಣ್ರೋ!" ಅಂತ ನಮ್ಮನೆಯವರು ಸೂಟ್ ಕೇಸು ಎತ್ತಿಕೊಂಡು ಓಡಿದರು. ರೂಪಾ ವೇಲಿನ ತುದಿ ಸೇರಿಸಿ ಗಂಟು ಹಾಕಿ, ನಮಗೆಲ್ಲ ಬಗ್ಗಿ ನಮಸ್ಕರಿಸಿ, ಆ ಗಂಟನ್ನು ಮಗುವಿನ ಹಾಗೆ ಅವುಚಿಕೊಂಡು ಓಡಿ ಜೀಪು ಹತ್ತಿದಳು. ಜೀಪು ಗೇಟು ದಾಟಿತು.

ನಾನು ಖಾಲಿ ಮೊರ ಹಿಡಿದು ನಿಂತಿದ್ದೆ.

ಹಿಡಿ ಅಕ್ಕಿ ಹಾಕಿಸಿಕೊಳ್ಳುವುದು ಮರೆತೇಹೋಗಿತ್ತು! ಸುತ್ತ ನೋಡಿದೆ. ಯಾರಿಗೂ ಗೊತ್ತಾದ ಹಾಗೆ ಕಾಣಲಿಲ್ಲ. ಅತ್ತೆಗೆ ಮೊದಲೇ ಕಣ್ಣು ಮಂಜು. ಮೊರವನ್ನು ಸೆರಗಿನ ಹಿಂದೆ ಮರೆಮಾಡಿಕೊಂಡು ಒಳಗೆ ಹೋಗಿ ಗೂಟಕ್ಕೆ ಸಿಕ್ಕಿಸಿದೆ.

ನಾನು ಮೂಢನಂಬಿಕೆಯವಳಲ್ಲ. ಬೆಕ್ಕು ಅಡ್ಡ ಬಂದರೆ ಅದರ ಪಾಡಿಗೆ ಅದು ಹೋಗಲಿ ಅನ್ನುವವಳು. ಆದರೆ ಮಗಳ ವಿಷಯಕ್ಕೆ ಬಂದರೆ ನನ್ನ ಬುದ್ಧಿಯೆಲ್ಲ ಹಿತ್ತಲ ಬಾಗಿಲಿನಿಂದ ಹೊರಟುಹೋಗುತ್ತದೆ. ಮಧ್ಯಾಹ್ನ ಅನ್ನಕ್ಕೆ ಅಕ್ಕಿ ಅಳೆದೆ. ಕೈ ಅಲ್ಲೇ ನಿಂತಿತು. ಅವಳ ಬದಲು ನಾನೇ ಹಾಕಿದರೆ? ಒಂದು ಹಿಡಿ ತೆಗೆದು, "ಇದು ರೂಪಾಳದ್ದು" ಅಂತ ಮನಸ್ಸಿನಲ್ಲಿ ಅಂದುಕೊಂಡು ಡ್ರಮ್ಮಿಗೆ ಹಾಕಿದೆ. ಮಾರನೆಯ ದಿನವೂ ಹಾಕಿದೆ. ಗೊತ್ತಾಯಿತಲ್ಲ, ನನ್ನ ಅಭ್ಯಾಸ ಎಲ್ಲಿಂದ ಬಂದದ್ದು ಅಂತ?

ಕಾಗದಗಳು ಬರತೊಡಗಿದವು. ಅಲ್ಲೂ ಮುದ್ದೆ ಉಣ್ಣುತ್ತಾರಂತೆ, ಮೆಕ್ಕೆಜೋಳದ ಹಿಟ್ಟಿನದ್ದು, ಅದಕ್ಕೆ ಉಗಾಲಿ ಅನ್ನುತ್ತಾರಂತೆ. ಕೈಯಲ್ಲೇ ಮುರಿದು ಪಲ್ಯದಲ್ಲಿ ಅದ್ದಿ ತಿನ್ನುವುದಂತೆ. ಮಕ್ಕಳು ದೊಡ್ಡವರನ್ನು ಕಂಡರೆ "ಶಿಕಮೋ" ಅನ್ನುತ್ತಾರಂತೆ, ಹಾಗಂದರೆ ನಿಮ್ಮ ಕಾಲು ಹಿಡಿಯುತ್ತೇನೆ ಅಂತ ಅರ್ಥವಂತೆ. ಇದನ್ನು ಓದಿ ಹೇಳಿದಾಗ ಅತ್ತೆಗೆ ಹಿಡಿಸಲಾರದಷ್ಟು ಖುಷಿ. "ಮುದ್ದೆ ಉಣ್ತಾರೆ, ಕಾಲ್ ಹಿಡೀತಾರೆ. ಇನ್ನೇನೇ ಬೇಕು? ನಮ್ಮೋರೇ ಬುಡು!" ನಮ್ಮನೆಯವರು ನಾನು ಬರೆಯುವ ಪ್ರತಿ ಕಾಗದದ ಕೊನೆಗೆ "ಹೂಮಳೆ ಬಂತಾ?" ಅಂತ ಬರೆಸುತ್ತಿದ್ದರು. ನಮ್ಮಲ್ಲಿ ಆ ಒಂದು ಮಳೆ ಬಂದರೆ ಕಾಫಿ ಹೂವಾಗುತ್ತದೆ. ಜಗತ್ತಿನ ಯಾವ ಮೂಲೆಯವರ ಯೋಗಕ್ಷೇಮ ವಿಚಾರಿಸಲೂ ಅವರಿಗೆ ಗೊತ್ತಿದ್ದದ್ದು ಆ ಒಂದೇ ಪ್ರಶ್ನೆ. ಅವಳೂ, "ಬಂತು ಅಪ್ಪ, ಬೆಟ್ಟ ಪೂರ್ತಿ ಬೆಳ್ಳಗಾಗಿದೆ. ನಿನ್ನ ಕಾಫಿಪುಡಿ ಘಮಕ್ಕೆ ಇಲ್ಲಿನ ಟೀಚರೆಲ್ಲ ನಮ್ಮನೆಗೇ ಬರ್ತಾರೆ" ಅಂತ ಬರೆಯುತ್ತಿದ್ದಳು. ಅವರು ಆ ಸಾಲನ್ನು ನನ್ನಿಂದ ಎರಡೆರಡು ಸಲ ಓದಿಸುತ್ತಿದ್ದರು.

ನನಗೆ ಇಷ್ಟವಾದದ್ದು ನೇಮಾ ಅನ್ನುವ ಹುಡುಗಿಯ ಸುದ್ದಿ. ಲೆಕ್ಕ ಅಂದರೆ ಬೆಂಚಿನ ಕೆಳಗೆ ಅಡಗುವವಳಂತೆ. ಕಾಫಿ ಬೀಜ ಇಟ್ಟು ಭಿನ್ನರಾಶಿ ಹೇಳಿಕೊಟ್ಟ ಮೇಲೆ ಈಗ ಬೋರ್ಡಿಗೆ ತಾನಾಗಿ ಬರುತ್ತಾಳಂತೆ. "ನೇಮಾ ಹೆಂಗಿದಾಳೆ?" ಅಂತ ನಾನು ಪ್ರತಿ ಸಲ ಕೇಳುತ್ತಿದ್ದೆ.

ಎರಡು ವರ್ಷ ಮುಗಿಯಲು ಒಂದು ತಿಂಗಳಿದೆ ಅನ್ನುವಾಗ ಫೋನು ಬಂತು. ಹತ್ತು ಮಾತಿಗೆ ನಾಲ್ಕು ಕೇಳುವ ಫೋನು. "ಅಮ್ಮ, ಇನ್ನೊಂದು ವರ್ಷ ಇರ್ತೀನಿ. ನೇಮಾ ಕ್ಲಾಸಿನವರು ಮುಂದಿನ ವರ್ಷ ದೊಡ್ಡ ಪರೀಕ್ಷೆಗೆ ಕೂರ್ತಾರೆ. ನಡುವೆ ಬಿಟ್ಟು ಬಂದ್ರೆ ಮತ್ತೆ ಅದೇ ಗೆರೆ ಬೀಳತ್ತಮ್ಮ."

ಹಿಡಿ ಅಕ್ಕಿ! ಮೊದಲು ಎರಡಿತ್ತು, ಈಗ ಮೂರಾಯಿತು, ನಾಳೆ ಮೂವತ್ತಾಗಬಹುದು. "ನೀನು ಆವತ್ತು ಹಿಡಿ ಅಕ್ಕಿ ಹಾಕದೆ ಹೋದೆ ಕಣೇ" ಅಂತ ಬಾಯಿಗೆ ಬಂತು. ಆದರೆ ಹತ್ತೊಂಬತ್ತು ಅಂಕದವಳು ನಾನು, ಆ ಹುಡುಗಿಯನ್ನು ನಡುನೀರಿನಲ್ಲಿ ಬಿಟ್ಟು ಬಾ ಅಂತ ಹೇಗೆ ಹೇಳಲಿ? "ಊಟ ಮಾಡಿದ್ಯಾ?" ಅಂದೆ. ಫೋನು ಕಟ್ಟಾಯಿತು. ಆವತ್ತು ಡ್ರಮ್ಮಿಗೆ ಎರಡು ಹಿಡಿ ಹಾಕಿದೆ.

ಆ ವರ್ಷ ಹೇಗೆ ಕಳೆಯಿತೋ! ಆದರೂ ಕಳೆಯಿತು. ಮುಂದಿನ ಡಿಸೆಂಬರಿನಲ್ಲಿ, ಅದೇ ಕೊಯ್ಲಿನ ನಡುವೆ, ಮಂಜಣ್ಣನ ಅದೇ ಜೀಪಿನಿಂದ ರೂಪಾ ಇಳಿದಳು. ಬಿಸಿಲಿಗೆ ಬಣ್ಣ ತಿರುಗಿತ್ತು, ಕೂದಲು ಸಣ್ಣ ಸಣ್ಣ ಜಡೆಯಾಗಿತ್ತು. ಜೊತೆಗೆ ರಮೇಶ. ಅವನು ಬಾಗಿಲಲ್ಲೇ, "ಭಾವ, ಇನ್ನು ಮುಚ್ಚಿಡಾಕ್ಕಾಗಲ್ಲ. ನಿಮ್ ಕಾಫಿಪುಡಿ ಕುಡ್ದೋನು ನಾನು" ಅಂದ.

ಮೂರು ವರ್ಷದ ಹಿಂದೆ ಏರ್ ಪೋರ್ಟಿನಲ್ಲಿ ತೂಗಿದಾಗ ಸೂಟ್ ಕೇಸು ನಾಲ್ಕು ಕೆಜಿ ಜಾಸ್ತಿ ಬಂದಿತ್ತಂತೆ. ರಾಗಿಹಿಟ್ಟು, ಉಪ್ಪಿನಕಾಯಿ, ಕಾಫಿಪುಡಿ ಎಲ್ಲ ಅಲ್ಲೇ ಹೊರಗೆ ತೆಗೆದು, ಕಳಿಸಿಕೊಡಲು ಬಂದಿದ್ದ ಇವನ ಕೈಗೆ ಕೊಟ್ಟು ಹೋಗಿದ್ದಳಂತೆ.

"ಅದ್ಹೆಂಗೆ ಜಾಸ್ತಿ ಬತ್ತದೆ?" ನಮ್ಮನೆಯವರಿಗೆ ರೇಗಿತು. "ನಾನೇ ತೂಗಿದ್ದು. ಇಪ್ಪತ್ಮೂರೂವರೆ ಇತ್ತು, ಖಾಲಿ ಪೆಟ್ಗೆ ತೂಕ ನಾಲ್ಕು ಕಳೆದೆ."

ಎಲ್ಲರೂ ಅವರ ಮುಖ ನೋಡಿದೆವು. ಕಾಫಿ ತೂಗುವಾಗ ಚೀಲದ ತೂಕ ಕಳೆದು ಒಳಗಿನ ಮಾಲಿನದ್ದಷ್ಟೇ ಲೆಕ್ಕ ಹಿಡಿದು ಅಭ್ಯಾಸ. ಮಗಳ ಪೆಟ್ಟಿಗೆಗೂ ಅದೇ ನ್ಯಾಯ ಮಾಡಿದ್ದರು. "ವಿಮಾನದೋರು ಚೀಲದ್ದೂ ಸೇರ್ಸಿ ತೂಗ್ತಾರಾ? ಇದ್ಯಾವ ಸೀಮೆ ವ್ಯಾಪಾರ!" ಅಂತ ಅವರು ವಿಮಾನದವರ ಮೇಲೇ ತಿರುಗಿಬಿದ್ದರು. ನಕ್ಕು ನಕ್ಕು ಅತ್ತೆಗೆ ಕೆಮ್ಮು ಬಂತು.

"ಎಲ್ಲಾ ತೆಗೆದ್ರೂ ಇನ್ನೂ ಚೂರು ಜಾಸ್ತಿ ಇತ್ತು ಭಾವ" ಅಂದ ರಮೇಶ. "ಅಕ್ಕಿ ಗಂಟೂ ತೆಗಿಯಮ್ಮ ಅಂದೆ. ಕೇಳ್ಳಿಲ್ಲ ಕಣ್ರೀ. ಪುಸ್ತಕ ತೆಗೆದ್ಲು, ಸ್ವೆಟರ್ ತೆಗೆದ್ಲು, ಅಕ್ಕಿ ಮಾತ್ರ ಮುಟ್ಟಬೇಡ ಅಂದ್ಲು."

ರೂಪಾ ಅಡುಗೆಮನೆಗೆ ಹೋಗಿ ಗೂಟದಿಂದ ಮೊರ ತೆಗೆದು ತಂದು ನನ್ನ ಕೈಗೆ ಕೊಟ್ಟಳು. ಚೀಲದಿಂದ ಒಂದು ಹಾಲಿನ ಪುಡಿಯ ಡಬ್ಬಿ ತೆಗೆದಳು. ಮುಚ್ಚಳ ಬಿಚ್ಚಿದರೆ ಒಳಗೆ ಅಕ್ಕಿ. ಒಂದೇ ಹಿಡಿ. ತುಂಬ ಹುಳ.

"ಮಿಕ್ಕಿದ್ದನ್ನ ಹೋದ ಮೊದಲನೇ ಭಾನುವಾರಾನೇ ಮಾಡಿ ಎಲ್ರಿಗೂ ಬಡಿಸಿದೆ. ಇದೊಂದು ಹಿಡಿ ಎತ್ತಿಟ್ಟೆ" ಅಂದಳು. "ಜೀಪು ಹಾನುಬಾಳು ದಾಟೋವಾಗ್ಲೇ ನೆನಪಾಗಿತ್ತಮ್ಮ, ಹಾಕ್ದೆ ಬಂದೆ ಅಂತ. ವಾಪಸ್ ತಿರುಗ್ಸು ಮಂಜಣ್ಣ ಅನ್ನೋಣ ಅಂದ್ಕೊಂಡೆ. ಆಮೇಲೆ ಬೇಡ ಅನ್ನಿಸ್ತು."

"ಯಾಕೆ?" ಅಂದೆ.

"ಒಂದೊಂದ್ ದಿನ ಬಹಳ ಬೇಜಾರಾಗೋದು. ಇನ್ನೊಂದೊಂದ್ ದಿನ ಇಲ್ಲೇ ಇದ್ದುಬಿಡೋಣ ಅನ್ನಿಸೋದು. ಎರಡೂ ಥರದ ದಿನ ಡಬ್ಬಿ ತೆಗೆದು ನೋಡ್ತಿದ್ದೆ. ಇದನ್ನ ಕೊಡೋಕಾದ್ರೂ ಹೋಗ್ಲೇಬೇಕಲ್ಲ ಅಂತ."

ಅವಳು ಹಿಡಿ ತುಂಬಿ ಮೊರಕ್ಕೆ ಹಾಕಿದಳು. ಮೂರು ವರ್ಷ ಅಳದವಳು ಆವತ್ತು ನಾನು ಹೋ ಅಂತ ಅತ್ತೆ. ನಮ್ಮತ್ತೆ ಮೊರ ಇಸಕೊಂಡು, ಹುಳ ಕೇರಿ ತೆಗೆಯುತ್ತ ಅಂದರು, "ನಂಗೇನ್ ಕಣ್ ಕಾಣಲ್ಲ ಅಂತ ಅಂದ್ಕಂಡಿದ್ರಾ? ಸರೋಜ ಖಾಲಿ ಮೊರ ಮರೆಮಾಡ್ಕಂಡ್ ಒಳಕ್ ಹೋಗಿದ್ದು ನಾನೂ ಕಂಡಿದ್ದೆ. ಹೇಳುದ್ರೆ ಹೆದ್ರುಕಂತಾಳೆ ಅಂತ ಸುಮ್ಕಿದ್ದೆ." ಕೇರಿದ ಅಕ್ಕಿಯನ್ನು ಡ್ರಮ್ಮಿಗೇ ಸುರಿದರು. ಹುಳ ಇನ್ನೂ ಇದೆ ಅಂತ ನಾನು ಕೂಗಿದರೆ, "ದೇಶ ಸುತ್ತಿ ಬಂದಾವೆ, ಇದ್ಕಳ್ಳಿ ಬುಡು" ಅಂದರು.

ನೇಮಾ ಲೆಕ್ಕದಲ್ಲಿ ಪಾಸಾದ ಸುದ್ದಿ ಮುಂದಿನ ಫೆಬ್ರವರಿಯಲ್ಲಿ ಬಂತು. ಹೂಮಳೆಯೂ ಅದೇ ವಾರ ಬಂತು. ನಮ್ಮನೆಯವರು ಎರಡಕ್ಕೂ ಸೇರಿಸಿ ಪಾಯಸ ಮಾಡಿಸಿದರು. ಪಾಯಸ ಉಣ್ಣುತ್ತಲೇ ರೂಪಾ ಅಂದಳು, ಅಲ್ಲಿ ಲೆಕ್ಕದ ಟೀಚರುಗಳನ್ನೇ ತಯಾರು ಮಾಡುವ ಕೆಲಸಕ್ಕೆ ಕರೆಯುತ್ತಿದ್ದಾರೆ, ಇನ್ನೆರಡು ವರ್ಷ, ಹೋಗಲಾ ಅಂತ. ಈ ಸಲ ನಾನು ಕೂಗಾಡಲಿಲ್ಲ. ಕೊಟ್ಟಿಗೆಗೂ ಹೋಗಲಿಲ್ಲ. ಇನ್ನೊಂದು ಸೌಟು ಪಾಯಸ ಬಡಿಸಿ, "ಈ ಸಲ ಸೀರೆ ಉಡು. ವೇಲಲ್ಲಿ ಕಾಯಿ ನಿಲ್ಲಲ್ಲ" ಅಂದೆ.

ಹೊರಟ ದಿನ ನಮ್ಮನೆಯವರು ಪೆಟ್ಟಿಗೆಯನ್ನು ಪೆಟ್ಟಿಗೆ ಸಮೇತ ತೂಗಿದರು, ಅನುಮಾನಕ್ಕೆ ಇನ್ನೂ ಎರಡು ಕೆಜಿ ಕಡಿಮೆ ಮಾಡಿಸಿದರು. ಮೊದಲ ಬೊಗಸೆ ಅತ್ತೆಯದೇ. ಹೊತ್ತು ಸಾಕಷ್ಟಿತ್ತು. ಮಂಜಣ್ಣ ಹಾರ್ನ್ ಹೊಡೆಯದೆ ಜಗಲಿಯಲ್ಲಿ ಕೂತು ಕಾಫಿ ಕುಡಿಯುತ್ತಿದ್ದ. ರೂಪಾ ಎದ್ದು ನಿಂತು, ಸೆರಗಿನೊಳಗೆ ಕೈ ಹಾಕಿ, ಮರೆಯದೆ ಒಂದು ಹಿಡಿ ಅಕ್ಕಿ ತೆಗೆದು ನನ್ನ ಕಡೆ ಚಾಚಿದಳು.

ನಾನು ಮೊರವನ್ನು ಹಿಂದಕ್ಕೆ ಎಳೆದುಕೊಂಡೆ.

"ಈಗ ಬೇಡ. ಇಟ್ಕೊಂಡಿರು" ಅಂದೆ. "ಬಂದಾಗ ಹಾಕ್ವಂತೆ."